ಅಮರೇಶಪ್ಪನ ಎಡ ಹೊಳ್ಳೆ

ಕಲ್ಯಾಣದುರ್ಗದ ಅಮರೇಶಪ್ಪನ ಮೂಗಿನ ಬಗ್ಗೆ ಊರವರು ಹೇಳುವುದರಲ್ಲಿ ಅರ್ಧ ನಿಜ, ಇನ್ನರ್ಧ ಅದಕ್ಕಿಂತ ಹೆಚ್ಚು ನಿಜ. ಅತ್ತ ಬೆಳುಗುಪ್ಪದಲ್ಲಿ ಯಾರೋ ಒಬ್ಬಾಕೆ ಒಗ್ಗರಣೆಗೆ ಇಂಗು ಹಾಕಲು ಮರೆತರೆ, ಇತ್ತ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೂತ ಅಮರೇಶಪ್ಪ ತಲೆ ಅಲ್ಲಾಡಿಸಿ "ಪಾಪ, ಆಯಮ್ಮನ ಗಂಡ" ಅನ್ನುತ್ತಿದ್ದನಂತೆ. ಒಮ್ಮೆ ತುಪ್ಪ ಮಾರುವವನೊಬ್ಬ ಮುಚ್ಚಳ ಬಿಗಿದ ಡಬ್ಬ ತಂದು ಮುಂದಿಟ್ಟಾಗ, ಮುಚ್ಚಳ ತೆಗೆಸದೆಯೇ, ಇದು ಎಮ್ಮೆ ತುಪ್ಪ, ಆ ಎಮ್ಮೆಗೆ ಎಡಗೊಂಬು ಮುರಿದಿದೆ ಎಂದು ಹೇಳಿಬಿಟ್ಟ. ತುಪ್ಪದವನು ಮನೆಗೆ ಹೋಗಿ ನೋಡಿದರೆ ಕೊಂಬು ನೆಟ್ಟಗೇ ಇತ್ತು. ಆದರೆ ಅಮರೇಶಪ್ಪನ ಮಾತಿಗೆ ಮರ್ಯಾದೆ ಕೊಟ್ಟು ಎಮ್ಮೆಯೇ ಒಂದು ವಾರದೊಳಗೆ ಗೂಟಕ್ಕೆ ಗುದ್ದಿ ಅದನ್ನು ಮುರಿದುಕೊಂಡಿತು.

ಅಂಥ ಮೂಗಿನ ಯಜಮಾನ ವೃತ್ತಿಯಲ್ಲಿ ಅಡುಗೆಯವನು. ಅರವತ್ತೆರಡು ವರ್ಷ, ಹಣೆ ತುಂಬ ವಿಭೂತಿ, ಹೊಟ್ಟೆಯ ಮೇಲೆ ಒದ್ದೆ ಟವಲು. ಮದುವೆ, ಗೃಹಪ್ರವೇಶಗಳಿಗೆ ಹೋಗುವುದು ಹೊಟ್ಟೆಪಾಡಿಗೆ. ಊರ ಈಶ್ವರನ ಗುಡಿಯಲ್ಲಿ ಶ್ರಾವಣ ಮತ್ತು ಕಾರ್ತಿಕದ ಸೋಮವಾರಗಳಂದು ಇನ್ನೂರು ಜನಕ್ಕೆ ಬೇಯಿಸುವುದು ಮಾತ್ರ ತನ್ನ ಸಂತೋಷಕ್ಕೆ. ಮೂವತ್ತೊಂದು ವರ್ಷದಿಂದ ಆ ಒಲೆಯ ಮುಂದೆ ಬೇರೆ ಯಾರೂ ಸೌಟು ಹಿಡಿದಿಲ್ಲ.

ಗುಡಿಯ ಅಡುಗೆಗೆ ಒಂದು ಕಟ್ಟುಪಾಡು ಇದೆ. ದೇವರಿಗೆ ಎಡೆ ಇಡುವವರೆಗೆ ಯಾರೂ ರುಚಿ ನೋಡುವಂತಿಲ್ಲ. ಅಂಗೈ ಮೇಲೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರೂ ಅದು ಎಂಜಲು, ಇಡೀ ಕೊಪ್ಪರಿಗೆ ಮೋರಿಗೆ. ಹಾಗಾದರೆ ಉಪ್ಪು ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಮರೇಶಪ್ಪ ಆವಿಯಲ್ಲಿ ತಿಳಿಯುತ್ತಿದ್ದ. ಉಪ್ಪಿಗೆ ವಾಸನೆ ಇಲ್ಲವೆಂದು ಓದಿದವರು ಹೇಳುತ್ತಾರೆ. ಓದಿದವರು ಇನ್ನೂರು ಜನರ ಹುಳಿಯ ಮೇಲೆ ಬಗ್ಗಿ ನೋಡಿಲ್ಲ. ಉಪ್ಪು ಬೀಳುವ ತನಕ ಬೇಳೆ ಒಂದು ಕಡೆ, ಹುಣಸೆ ಒಂದು ಕಡೆ, ಮೆಣಸಿನಕಾಯಿ ಮತ್ತೊಂದು ಕಡೆ ಮುಖ ತಿರುಗಿಸಿಕೊಂಡಿರುತ್ತವೆ. ಉಪ್ಪು ಬಿದ್ದ ಮೇಲೆ ಮೂವರೂ ರಾಜಿಯಾಗುತ್ತಾರೆ. ಆ ರಾಜಿಯ ವಾಸನೆ ಬರುವವರೆಗೆ ಹಿಡಿ ಹಿಡಿಯಾಗಿ ಹಾಕುತ್ತ ಹೋಗುವುದು, ಬಂದ ಕೂಡಲೇ ಕೈ ಕೊಡವುವುದು. ಅಮರೇಶಪ್ಪನ ವಿದ್ಯೆ ಇಷ್ಟೇ. ಮೂವತ್ತೊಂದು ವರ್ಷದಲ್ಲಿ ಒಂದು ಹರಳೂ ಹೆಚ್ಚುಕಡಿಮೆಯಾಗಿರಲಿಲ್ಲ.

ಹೋದ ವರ್ಷ ಆ ಮೂಗು ಕಟ್ಟಿತು. ಮೊದಲು ನೆಗಡಿ ಅಂದುಕೊಂಡ. ನೆಗಡಿ ಯುಗಾದಿಗೆ ಬಂದದ್ದು ದಸರಾಕ್ಕೂ ಹೋಗಲಿಲ್ಲ. ಹಣೆ ಭಾರ, ಕೆನ್ನೆ ಭಾರ, ಬಗ್ಗಿದರೆ ಮುಖದೊಳಗೆ ಯಾರೋ ರಾಗಿ ಮೂಟೆ ಹೊರಳಿಸಿದಂತೆ. ಯಾರಿಗೂ ಹೇಳಲಿಲ್ಲ, ಮೂಗೇ ಹೋಯಿತೆಂದು ಹೇಳಿಕೊಂಡ ಅಡುಗೆಯವನನ್ನು ಯಾರು ಕರೆಯುತ್ತಾರೆ? ಕೊಪ್ಪರಿಗೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ, ಉಸಿರೆಳೆದಂತೆ ಎದೆ ಉಬ್ಬಿಸಿ, ಕೈಯ ಅಂದಾಜಿನ ಮೇಲೆ ಉಪ್ಪು ಹಾಕಿ ಕಾಲ ತಳ್ಳಿದ. ಹೆಂಡತಿ ವೀರಭದ್ರಮ್ಮನಿಗೂ ಗೊತ್ತಾಗಲಿಲ್ಲ. ಮೂವತ್ತೈದು ವರ್ಷ ಆಕೆಯ ಸಾರಿನಲ್ಲಿ ದಿನಕ್ಕೆರಡು ಕೊರತೆ ಹುಡುಕುತ್ತಿದ್ದ ಗಂಡ ಇದ್ದಕ್ಕಿದ್ದಂತೆ ಸುಮ್ಮನೆ ಉಣ್ಣತೊಡಗಿದಾಗ, ಅಂತೂ ವಯಸ್ಸಾದ ಮೇಲಾದರೂ ಒಳ್ಳೆಯವನಾದನಲ್ಲ ಎಂದು ಆಕೆ ಶಿವನಿಗೆ ತುಪ್ಪದ ದೀಪ ಹಚ್ಚಿಬಂದಿದ್ದಳು.

ಗುಟ್ಟು ಹೊರಬಿದ್ದದ್ದು ಈ ಶ್ರಾವಣದ ಮೂರನೆಯ ಸೋಮವಾರ. ಅಂದು ಅಮರೇಶಪ್ಪ ಹುಳಿಗೆ ಉಪ್ಪು ಹಾಕಿದ. ಅಷ್ಟರಲ್ಲಿ ಗುಡಿಯ ಕಮಿಟಿಯ ಅಧ್ಯಕ್ಷ ಈರಲಿಂಗಪ್ಪ ಬಂದು ಎಲೆ ಸಾಲುತ್ತದೋ ಇಲ್ಲವೋ ಎಂದು ಕೇಳಿದ. ಅಮರೇಶಪ್ಪ ಎದ್ದು ಎಲೆಯ ಕಟ್ಟು ತೋರಿಸಿ ತಿರುಗಿ ಬಂದ. ಉಪ್ಪು ಹಾಕಿದ್ದೆನೋ ಇಲ್ಲವೋ ಮರೆತುಹೋಯಿತು. ಮೊದಲಾಗಿದ್ದರೆ ಒಂದು ಉಸಿರಿಗೆ ತಿಳಿಯುತ್ತಿತ್ತು. ಬಗ್ಗಿ ಎಳೆದರೆ ಮೂಗಿನಲ್ಲಿ ಗೋಡೆ. ನಾಲಿಗೆಗೆ ತಾಗಿಸುವಂತಿಲ್ಲ. ಯಾರನ್ನಾದರೂ ಕೇಳಿದರೆ ಮಾನ ಹೋಗುತ್ತದೆ. ಇನ್ನೊಂದು ಸಲ ಪೂರ್ತಿ ಹಾಕಿದ.

ಶಿವನಿಗೆ ಎಡೆ ಆಯಿತು. ಶಿವ ಏನೂ ಅನ್ನಲಿಲ್ಲ. ಇನ್ನೂರು ಜನ ಕೂತು ಉಂಡರು. ಅವರೂ ಏನೂ ಅನ್ನಲಿಲ್ಲ. ಪ್ರಸಾದಕ್ಕೆ ಕೊರತೆ ಹೇಳುವ ಬಾಯಿ ಕಲ್ಯಾಣದುರ್ಗದಲ್ಲಿ ಹುಟ್ಟಿಲ್ಲ. ಒಬ್ಬೊಬ್ಬರೂ ಕಣ್ಣಲ್ಲಿ ನೀರು ತುಂಬಿಕೊಂಡು, ಎಲೆ ಖಾಲಿ ಮಾಡಿ, "ಪ್ರಸಾದ ಚೆನ್ನಾಗಿತ್ತು ಸ್ವಾಮಿ" ಎಂದು ಕೈಮುಗಿದು ನಲ್ಲಿಯ ಕಡೆ ಓಡಿದರು. ಅಂದು ಗುಡಿಯ ಬೋರ್‌ವೆಲ್ಲಿನಲ್ಲಿ ನೀರು ಹನ್ನೆರಡು ಅಡಿ ಕೆಳಗಿಳಿಯಿತೆಂದೂ ಪಕ್ಕದ ತೋಟದ ಬಾವಿ ಅದನ್ನು ನೋಡಿ ಹೆದರಿ ತಾನೇ ಎರಡು ಅಡಿ ಇಳಿಯಿತೆಂದೂ ಹೇಳುತ್ತಾರೆ. ಅಡುಗೆಯವನು ಉಣ್ಣುವುದು ಕೊನೆಗೆ. ಅಮರೇಶಪ್ಪ ಮೊದಲ ತುತ್ತು ಬಾಯಿಗಿಟ್ಟಾಗ ವಾಸನೆ ತಿಳಿಯಲಿಲ್ಲ, ಆದರೆ ಉಪ್ಪು ತಿಳಿಯಿತು. ನಾಲಿಗೆ ಇನ್ನೂ ಕೆಲಸದಲ್ಲಿತ್ತು. ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದಾಗ ಎದುರಿಗೆ ಅಕ್ಕ ಬಂದು ನಿಂತಳು.

ಅಕ್ಕನಿಗೆ ತಾಯಿ ಇಟ್ಟ ಹೆಸರು ಬೇರೆ ಏನೋ ಇತ್ತು. ನೆರೆಮನೆಯ ತೆಲುಗಿನವರು ದೊಡ್ಡಕ್ಕ ಎಂಬರ್ಥದಲ್ಲಿ ಪೆದ್ದಕ್ಕ ಪೆದ್ದಕ್ಕ ಎಂದು ಕರೆದು ಕರೆದು ಕೊನೆಗೆ ಆಧಾರ್ ಕಾರ್ಡಿಗೂ ಅದೇ ಏರಿತು. ಹುಟ್ಟಿದ ಬೆಳುಗುಪ್ಪದಲ್ಲೇ ಕೊಟ್ಟಿದ್ದಾರೆ, ಅಮರೇಶಪ್ಪನಿಗಿಂತ ನಾಲ್ಕು ವರ್ಷ ದೊಡ್ಡವಳು. ಅವನ ಅಡುಗೆ ಇರುವ ಸೋಮವಾರ ತಪ್ಪಿಸಿದವಳಲ್ಲ. ಆಕೆ ನಾಲ್ಕನೆಯ ಲೋಟ ನೀರು ಮುಗಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಪ್ರಸಾದಕ್ಕೆ ಒಂದು ಮಾತೂ ಅನ್ನದೆ ಕೇಳಿದಳು:

"ಶಿವನ ತಲೆ ಮ್ಯಾಲೆ ಗಂಗಮ್ಮ ಕುಂತವ್ಳೆ, ಬಗ್ಗಿದ್ರೆ ಬಾಯಿಗೆ ನೀರು. ನಮ್ಗ್ಯಾರವ್ರೆ ಹೇಳ್ಲಾ ಅಮರೇಶ?"

ಅಮರೇಶಪ್ಪ ತಲೆ ತಗ್ಗಿಸಿದ. ಅಕ್ಕನ ಮುಂದೆ ಮೂಗಿನ ಕಥೆಯನ್ನೆಲ್ಲ ಹೇಳಿದ. ಪಕ್ಕದಲ್ಲೇ ಎಲೆ ಎತ್ತುತ್ತಿದ್ದ ವೀರಭದ್ರಮ್ಮ ಕೇಳಿಸಿಕೊಂಡು, ಹಚ್ಚಿದ ತುಪ್ಪದ ದೀಪ ದಂಡವಾಯಿತೆಂದು ಹಣೆ ಚಚ್ಚಿಕೊಂಡಳು.

ಎರಡು ದಿನ ಬಿಟ್ಟು ಈರಲಿಂಗಪ್ಪ ಮನೆಗೆ ಬಂದ. ಒಳ್ಳೆಯ ಮನುಷ್ಯ, ಕಷ್ಟದ ಮಾತು ಹೇಳುವಾಗ ಮೊದಲು ಹವಾಮಾನ ಮಾತಾಡುತ್ತಾನೆ. ಮೋಡ, ಗಾಳಿ, ಶೇಂಗಾ ಹೂವು ಎಲ್ಲ ಮುಗಿದ ಮೇಲೆ, ಕಾರ್ತಿಕಕ್ಕೆ ಹಿಂದೂಪುರದ ಕೇಟರಿಂಗ್‌ನವರನ್ನು ಕರೆಸಿದರೆ ಹೇಗೆ, ನೀವು ದಣಿದಿದ್ದೀರಿ, ಸುಮ್ಮನೆ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡಿ ಸಾಕು ಎಂದ. ಅಮರೇಶಪ್ಪನಿಗೆ ಕುರ್ಚಿಯ ಮಾತು ಕೇಳಿ ಮೈ ತಣ್ಣಗಾಯಿತು. ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸುವುದು ಗೋಡೆಗೆ ಫೋಟೋ ಹಾಕುವುದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ.

"ಕಾರ್ತಿಕದ ಕಡೇ ಸೋಮವಾರದ್ವರೆಗೂ ಟೈಮ್ ಕೊಡಿ ಈರಲಿಂಗಪ್ಪನೋರೆ," ಅಂದ. "ಮೂಗು ಬಂದ್ರೆ ನಾನೂ ಬತ್ತೀನಿ. ಬರ್ಲಿಲ್ಲಾಂದ್ರೆ ನಾನೇ ಸೌಟು ತೊಳ್ದು ನಿಮ್ ಕೈಗಿಟ್ಟು ಹೋಯ್ತೀನಿ."

ಈರಲಿಂಗಪ್ಪ ಒಪ್ಪಿಕೊಂಡು, ಅಲ್ಲಿಯವರೆಗಿನ ಸೋಮವಾರಗಳಿಗೆ ಬರೀ ಹಣ್ಣುಕಾಯಿಯ ಪ್ರಸಾದ ಸಾಕೆಂದು ಹೇಳಿ, ಮತ್ತೆ ಸ್ವಲ್ಪ ಹವಾಮಾನ ಮಾತಾಡಿ ಹೋದ.

ಅಮರೇಶಪ್ಪನ ಮಗಳು ಶಿವಲೀಲಾ ಹಿಂದೂಪುರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಸಿ.ಟಿ. ಯಂತ್ರ ನಡೆಸುತ್ತಾಳೆ. ದಿನಕ್ಕೆ ಇಪ್ಪತ್ತು ತಲೆಗಳ ಒಳಗನ್ನು ನೋಡುವವಳಿಗೆ ತಂದೆಯ ತಲೆಯೊಳಗೆ ಏನಿದೆಯೆಂದು ಗೊತ್ತಿಲ್ಲದೆ ಹೋದದ್ದಕ್ಕೆ ಕೋಪ ಬಂತು. ಫೋನಿನಲ್ಲಿ ಬೈದು, ಮಾರನೆಯ ದಿನವೇ ಬಾ ಎಂದಳು. ಗಂಡ ಹೆಂಡತಿ ಬಸ್ಸು ಹತ್ತಿದರು. ಪೆನುಕೊಂಡ ದಾಟುವಾಗ ಹೊಸ ಕಾರುಗಳನ್ನು ಹೊತ್ತ ಉದ್ದನೆಯ ಲಾರಿಗಳು ಸಾಲಾಗಿ ನಿಂತಿದ್ದವು. ಮುಂದಿನ ಸೀಟಿನಲ್ಲಿ ಯಾರೋ ಹಲಸಿನಹಣ್ಣು ಬಿಡಿಸುತ್ತಿದ್ದರು. ಹಲಸು ಮೂರು ಸೀಟು ದೂರದ ಸತ್ತವನನ್ನೂ ಎಬ್ಬಿಸುತ್ತದೆ. ಅಮರೇಶಪ್ಪನಿಗೆ ಅದು ಕಣ್ಣಿಗೆ ಕಂಡ ಮೇಲೆಯೇ ಗೊತ್ತಾದದ್ದು. ಆಗ ಅವನಿಗೆ ನಿಜವಾಗಿ ಭಯವಾಯಿತು.

ಮೂಗಿನ ಡಾಕ್ಟರು ಹರಿತಾ ಚಿಕ್ಕ ವಯಸ್ಸಿನವರು, ತೆಲುಗಿನವರು. ಪೆನ್ಸಿಲಿಗಿಂತ ಸಣ್ಣ ಕೊಳವೆಯೊಂದನ್ನು ಮೂಗಿಗೆ ಬಿಟ್ಟು ಟಿವಿಯಲ್ಲಿ ನೋಡಿದರು. ಬಲ ಹೊಳ್ಳೆಯಲ್ಲಿ ಸುಲಿದ ದ್ರಾಕ್ಷಿಯಂಥ ಮೃದುವಾದ ಗೊಂಚಲು ಬೆಳೆದು ದಾರಿ ಕಟ್ಟಿತ್ತು. ಎಡ ಹೊಳ್ಳೆಯಲ್ಲಿ ಕೊಳವೆ ಸ್ವಲ್ಪ ದೂರ ಹೋಗಿ ಏನಕ್ಕೋ ಟಣ್ಣೆಂದು ತಾಗಿ ನಿಂತಿತು. ಡಾಕ್ಟರ ಹುಬ್ಬು ಮೇಲೇರಿತು. ಆಪರೇಷನ್ ಬೇಕಾಗುತ್ತದೆ, ಆದರೆ "ಸ್ಕ್ಯಾನ್ ಲೇಕುಂಡಾ ನೇನು ಲೋಪಲಿಕಿ ಪೋನು ಪೆದ್ದಾಯನಾ" ಎಂದರು. ಸ್ಕ್ಯಾನ್ ಇಲ್ಲದೆ ಒಳಗೆ ಕಾಲಿಡುವವಳಲ್ಲ ಎಂದು ಅದರರ್ಥ. ಕಾರಣವನ್ನೂ ಹೇಳಿದರು: ಮೂಗಿನ ಪಕ್ಕದ ಗೋಡೆಯಾಚೆ ಕಣ್ಣು, ಮೇಲಿನ ಸೂರಿನಾಚೆ ಮೆದುಳು. ಗೋಡೆ ಕೆಲವು ಕಡೆ ಈರುಳ್ಳಿ ಸಿಪ್ಪೆಯಷ್ಟು ತೆಳು. ನಕ್ಷೆ ಕೈಯಲ್ಲಿಲ್ಲದೆ ಹೋದರೆ ಒಂದು ಮನೆಗೆ ಹೋಗಬೇಕಾದವರು ಇನ್ನೊಂದು ಮನೆಗೆ ನುಗ್ಗಿದಂತಾಗುತ್ತದೆ. ಮೊದಲು ಒಂದು ವಾರ ಮಾತ್ರೆ, ಊತ ಇಳಿದ ಮೇಲೆ ಸ್ಕ್ಯಾನ್.

ಆ ಒಂದು ವಾರ ಅಮರೇಶಪ್ಪ ಮಗಳ ಮನೆಯಲ್ಲೇ ಉಳಿದ. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದು ಸ್ಕ್ಯಾನ್ ಸೆಂಟರಿನ ಗೋಡೆಯಲ್ಲಿ ಬರೆದಿದ್ದನ್ನು ಅವನು ಓದಿದ್ದ. ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಹುಟ್ಟಿದ ಹನ್ನೊಂದನೆಯ ದಿನ ಕಟ್ಟಿದ್ದು, ಮೈಬಿಟ್ಟು ಹೋದದ್ದಿಲ್ಲ. ವಾರವೆಲ್ಲ ಇದೇ ಯೋಚನೆ. ಬಾಯಲ್ಲಿ ಇಟ್ಟುಕೊಳ್ಳಲೇ, ಟವಲಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಲೇ ಎಂದು ನಾನಾ ಉಪಾಯ ಹೂಡಿದ. ಕೊನೆಗೆ ಮಗಳಿಗೇ ಹೇಳಿದ: ಮೂಗು ಹೋದರೆ ಹೋಗಲಿ, ಲಿಂಗ ಬಿಚ್ಚುವುದಿಲ್ಲ.

ಶಿವಲೀಲಾ ನಕ್ಕಳು. "ಯಂತ್ರ ನೋಡೋದು ಹಣೆಯಿಂದ ಮ್ಯಾಲಿನ ಹಲ್ಲಿನ ಗಂಟ ಕಣಪ್ಪ. ಕರಡಿಗೆ ಎದೆಯಿಂದ ಹೊಟ್ಟೆ ಮ್ಯಾಕೆ ಜರುಗ್ಸ್ಕೋ, ಸಾಕು. ನಾನೂ ನಿನ್ ಮಗಳೇ ಅಲ್ವಾ, ಬಿಚ್ಚು ಅಂತೀನಾ?"

ಬಿಚ್ಚಿಸಿದ್ದು ಕನ್ನಡಕ ಮಾತ್ರ. ಮೂಗು ಚೆನ್ನಾಗಿ ಸೀಟಿ ಬಾ ಎಂದು ಮಗಳು ಹೇಳಿದಾಗ ಅಮರೇಶಪ್ಪ ಹೊರಗೆ ಹೋಗಿ ಸೀಟಿದ ಸದ್ದಿಗೆ ಎಷ್ಟೋ ದೂರದ ಚಿಲಮತ್ತೂರಿನ ಹೈವೇಯಲ್ಲಿ ಹೋಗುತ್ತಿದ್ದ ಲಾರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವಂತೆ. ಆದರೂ ಮೂಗು ಬಿಡಲಿಲ್ಲ.

ಯಂತ್ರವನ್ನು ನೋಡಿದ ಕೂಡಲೇ ಅವನ ಅರ್ಧ ಭಯ ಹೋಯಿತು. ಅದು ಗೋಡೆಯೆತ್ತರದ ಉದ್ದಿನವಡೆ. ನಡುವೆ ತೂತು ಸರಿಯಾಗಿ ಬಿದ್ದಿತ್ತು. ಇಂಥ ವಡೆ ತಟ್ಟಿದವನ ಕೈ ಒಳ್ಳೆಯದು ಅಂದುಕೊಂಡು ಮಲಗಿದ. ತಲೆ ವಡೆಯೊಳಗೆ ಹೋಯಿತು. ಎಂಜಲು ನುಂಗಬೇಡ, ಅಲ್ಲಾಡಬೇಡ ಎಂದು ಗಾಜಿನ ಹಿಂದಿನಿಂದ ಮಗಳ ದನಿ ಬಂತು. ಅಮರೇಶಪ್ಪ ಉಪವಾಸದ ದಿನದ ಒಲೆಯಂತೆ ಸ್ತಬ್ಧನಾದ. ಸಂಜೆಯವರೆಗೆ ಹೀಗೇ ಇರಬೇಕಾದೀತೆಂದು ಮನಸ್ಸು ಗಟ್ಟಿ ಮಾಡಿ, ಪಂಚಾಕ್ಷರಿಯನ್ನು ಸಾವಿರದೆಂಟು ಸಲ ಹೇಳುವ ಸಂಕಲ್ಪ ಮಾಡಿ, ಹತ್ತನೆಯದಕ್ಕೆ ಬಂದಿದ್ದ. ಅಷ್ಟರಲ್ಲಿ ಎದ್ದೇಳಪ್ಪಾ ಆಯ್ತು ಎಂದಳು. ಕಾದ ಎಣ್ಣೆಗೆ ಬಿದ್ದ ಸಾಸಿವೆ ಸಿಡಿದು ಮುಗಿಯುವಷ್ಟು ಹೊತ್ತೂ ಆಗಿರಲಿಲ್ಲ. ಇಷ್ಟಕ್ಕೇ ಒಂದು ವಾರ ನಿದ್ದೆಗೆಟ್ಟೆನಲ್ಲ ಎಂದು ಅವನಿಗೆ ಸ್ವಲ್ಪ ಮೋಸವಾದಂತೆ ಅನಿಸಿತು.

ಆದರೆ ಗಾಜಿನ ಹಿಂದೆ ಶಿವಲೀಲಾ ಪರದೆಗೆ ಮುಖ ಒತ್ತಿಕೊಂಡು ನಿಂತಿದ್ದಳು. ತಂದೆ ತಾಯಿಯನ್ನು ಒಳಗೆ ಕರೆದಳು. ಬದನೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ಯಂತ್ರ ಮುಖವನ್ನು ಚಾಕುವಿಲ್ಲದೆ ಹೆಚ್ಚಿ ಒಂದೊಂದು ಬಿಲ್ಲೆಯನ್ನೂ ಚಿತ್ರ ಮಾಡಿಟ್ಟಿತ್ತು. ಕಪ್ಪಗಿರುವುದು ಗಾಳಿ, ಬೂದು ಬಣ್ಣದ್ದು ಮಾಂಸ ಮತ್ತು ಗೊಣ್ಣೆ, ಬೆಳ್ಳಗಿರುವುದು ಮೂಳೆ ಎಂದು ಹೇಳಿಕೊಟ್ಟಳು. ಹಣೆಯೊಳಗೆ ಎರಡು ಕೋಣೆ, ಕೆನ್ನೆಗಳೊಳಗೆ ಎರಡು ದೊಡ್ಡ ಕೋಣೆ, ಕಣ್ಣುಗಳ ನಡುವೆ ಜೇನುಗೂಡಿನಂತೆ ಹತ್ತಾರು ಪುಟ್ಟ ಕೋಣೆ, ತೀರ ಹಿಂದೆ ಇನ್ನೆರಡು. ಎಲ್ಲವೂ ಗಾಳಿಯಾಡುವ ಖಾಲಿ ಕೋಣೆಗಳಾಗಿ ಕಪ್ಪಗಿರಬೇಕಿತ್ತು. ಬಲಗಡೆಯವು ಬೂದಿ ತುಂಬಿಸಿದಂತಿದ್ದವು. ವೀರಭದ್ರಮ್ಮ ಬೆರಗಾದಳು. ಒಂದು ತಲೆಯಲ್ಲಿ ಇಷ್ಟೊಂದು ಕೋಣೆ ಇಟ್ಟುಕೊಂಡೂ ಒಂದು ಮಾತು ನೆನಪಿನಲ್ಲಿ ಇಟ್ಟುಕೊಳ್ಳಲಿಕ್ಕೆ ಜಾಗವಿಲ್ಲ ಅನ್ನುತ್ತೀರಲ್ಲ ಎಂದು ಗಂಡನನ್ನು ಕೇಳಿದಳು.

ಶಿವಲೀಲಾ ನಗಲಿಲ್ಲ. ಎಡ ಹೊಳ್ಳೆಯ ನಡುವೆ ಬೆರಳಿಟ್ಟಳು. ಅಲ್ಲಿ ಮೂಳೆಗಿಂತ ಬೆಳ್ಳಗೆ ಹೊಳೆಯುವ, ಕಡಲೆಕಾಳಿಗಿಂತ ದೊಡ್ಡದೊಂದು ಉಂಡೆ. ಉಂಡೆಯ ನಡುವೆ ಕಪ್ಪಗೆ, ನುಣ್ಣಗೆ, ಕಾಳಿನಾಕಾರದ ಒಂದು ಚುಕ್ಕೆ.

"ಇದು ಕಲ್ಲು ಕಣಪ್ಪಾ. ಮೂಗಿನಾಗೆ ಏನೋ ಸಿಕ್ಕಾಕ್ಕೊಂಡು ಅದ್ರ ಸುತ್ತ ಸುಣ್ಣ ಕಟ್ಟಿ ಕಟ್ಟಿ ಹಿಂಗಾಗೈತೆ. ಒಂದಿನ ಎರಡ್ ದಿನದ್ದಲ್ಲ. ನಿನ್ ಎಡಗಡೆ ಬಾಗ್ಲು ಚಿಕ್ಕಂದಿನಿಂದ ಮುಚ್ಚೇ ಐತೆ."

ಅಂದರೆ ಎಮ್ಮೆಯ ಕೊಂಬನ್ನು ಕಂಡುಹಿಡಿದದ್ದು, ಬೆಳುಗುಪ್ಪದ ಇಂಗನ್ನು ಹಿಡಿದದ್ದು, ಮೂವತ್ತೊಂದು ವರ್ಷ ಶಿವನ ಹುಳಿಗೆ ಉಪ್ಪು ಹದ ಮಾಡಿದ್ದು, ಎಲ್ಲವೂ ಒಂದೇ ಹೊಳ್ಳೆಯಲ್ಲಿ. ಆ ಒಂದೂ ಈಗ ದ್ರಾಕ್ಷಿ ಬಿಟ್ಟುಕೊಂಡು ಕೂತಿದ್ದರಿಂದಲೇ ಕತೆ ಮುಗಿದದ್ದು. ಚಿಕ್ಕವನಿದ್ದಾಗ ಮೂಗಿಗೆ ಏನಾದರೂ ಹಾಕಿಕೊಂಡಿದ್ದೆಯಾ ಎಂದು ಮಗಳು ಕೇಳಿದಳು. ಅಮರೇಶಪ್ಪ ಆ ಕಪ್ಪು ಚುಕ್ಕೆಯನ್ನೇ ನೋಡುತ್ತಿದ್ದ. ಐವತ್ತೈದು ವರ್ಷದ ಹಿಂದಿನದೊಂದು ದಿನ ಅವನ ಮುಂದೆ ಬಂದು ನಿಂತಿತು. ತೀರ ಸಣ್ಣ ದನಿಯಲ್ಲಿ, "ಪೆದ್ದಕ್ಕನ ಗುಲಗಂಜಿ" ಅಂದ.

ಬೆಳುಗುಪ್ಪದ ಮನೆಯ ಪಡಸಾಲೆಯಲ್ಲಿ ಅಕ್ಕ ತಮ್ಮ ಅಳಗುಳಿ ಮಣೆ ಆಡುತ್ತಿದ್ದರು. ಅವನಿಗೆ ಏಳು, ಅಕ್ಕನಿಗೆ ಹನ್ನೊಂದು. ಕಾಳುಗಳು ಅಜ್ಜಿಯ ಕಾಲದ ಗುಲಗಂಜಿ, ಕೆಂಪು ಮೈ, ಕಪ್ಪು ತಲೆ. ಗೆದ್ದವರಿಗೆ ಆ ದಿನದ ದೊಡ್ಡ ಒಬ್ಬಟ್ಟು. ಅಕ್ಕ ಗೆಲ್ಲಲು ಒಂದು ಕಾಳು ಸಾಕಾಗಿತ್ತು. ಆಕೆ ನೀರು ಕುಡಿಯಲು ಎದ್ದಾಗ ಅಮರೇಶ ಆ ಕಾಳನ್ನು ಎತ್ತಿದ. ಅಕ್ಕ ಬಂದವಳೇ ಮುಷ್ಟಿ ಬಿಚ್ಚಿಸುತ್ತಾಳೆ, ಬಾಯಿ ತೆರೆಸುತ್ತಾಳೆ, ಚಡ್ಡಿಯ ಜೇಬು ಒದರಿಸುತ್ತಾಳೆ. ಎಲ್ಲ ಹಿಂದೆ ಆಗಿಹೋದದ್ದೇ. ಮೂಗನ್ನು ಮಾತ್ರ ಇನ್ನೂ ನೋಡಿರಲಿಲ್ಲ. ಒಳಗೆ ತುರುಕಿದ ಕಾಳು ಹೊರಗೆ ಬರಲಿಲ್ಲ. ಹೆದರಿ, ಶಿವನಾಣೆ ನಾನು ತಗೊಂಡಿಲ್ಲ ಎಂದುಬಿಟ್ಟ. ಅಜ್ಜಿಯ ಕಾಳು ಕಳೆದಳೆಂದು ತಾಯಿ ಅಕ್ಕನಿಗೇ ಬಾರಿಸಿದಳು, ಒಬ್ಬಟ್ಟನ್ನು ಅವನು ತಿಂದ. ಆಮೇಲೆ ಕೆಲವು ದಿನ ಮೂಗು ನಾತ ಹೊಡೆಯಿತು, ತುಂಬೆ ಸೊಪ್ಪಿನ ರಸ ಬಿಟ್ಟರು, ನಾತ ನಿಂತಿತು. ಹುಡುಗ ಮರೆತ. ಕಾಳು ಮರೆಯಲಿಲ್ಲ.

ಪೆದ್ದಕ್ಕನಿಗೆ ಫೋನ್ ಮಾಡಿ ಹೇಳಿದ್ದು ಶಿವಲೀಲಾ; ಅಮರೇಶಪ್ಪ ಪಕ್ಕದಲ್ಲಿ ಕೂತು ಟವಲಿನ ಅಂಚಿನ ಎಳೆ ಹಿರಿಯುತ್ತಿದ್ದ. ಆ ಕಡೆಯಿಂದ ಅಕ್ಕನ ದನಿ ಬಂತು.

"ಆ ಕಾಳು ನಂದು ಕಣಮ್ಮ. ಡಾಕ್ಟ್ರು ಬಿಸಾಕ್ಬುಟ್ಟಾರು, ಮೊದ್ಲೇ ಹೇಳಿಡು."

ಆಪರೇಷನ್ ದಿನ ಆಕೆ ಹಿಂದೂಪುರಕ್ಕೇ ಬಂದಳು. ತಮ್ಮನನ್ನು ನೋಡಲಿಕ್ಕಲ್ಲ, ಕಾಳು ನೋಡಲಿಕ್ಕೆ ಎಂದು ವಾರ್ಡಿನಲ್ಲಿ ಎಲ್ಲರಿಗೂ ತಿಳಿಸಿದಳು. ಡಾಕ್ಟರ್ ಹರಿತಾ ಆ ನಕ್ಷೆಯನ್ನು ಎದುರಿಗೆ ತೂಗುಹಾಕಿಕೊಂಡು, ಬಲಗಡೆಯ ದ್ರಾಕ್ಷಿ ತೆಗೆದು, ಕೋಣೆಗಳ ಬಾಗಿಲು ಬಿಡಿಸಿ, ಎಡಗಡೆಯ ಕಲ್ಲನ್ನು ಒಡೆದು ಚೂರುಚೂರಾಗಿ ಹೊರಗೆ ತಂದರು. ಚೂರುಗಳ ಜೊತೆ ಪುಟ್ಟ ಶೀಷೆಯಲ್ಲಿ ಆ ಗುಲಗಂಜಿಯೂ ಬಂತು. ಕೆಂಪು ಮಾಸಿತ್ತು, ಕಪ್ಪು ತಲೆ ಹಾಗೆಯೇ ಇತ್ತು. ಪೆದ್ದಕ್ಕ ಅದನ್ನು ಮೂರು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತಮ್ಮನ ಮೂಗಿನ ತುಂಬ ಹತ್ತಿ ಇತ್ತು, ಮಾತಾಡುವಂತಿರಲಿಲ್ಲ. ಆಕೆ ಅವನ ತಲೆಗೂದಲಿಗೆ ಕೈಹಾಕಿ ಒಮ್ಮೆ ಜಗ್ಗಿದಳು, ನೋವಾಗದ ಹಾಗೆ.

ಉಸಿರು ಖಂಡಿತ ಬರುತ್ತದೆ, ವಾಸನೆಯ ಬಗ್ಗೆ ಮಾತು ಕೊಡಲಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಊರಿಗೆ ಮರಳಿದ ಮೇಲೆ ದಿನಕ್ಕೆ ಮೂರು ಸಲ ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕಿತ್ತು. ಶ್ರಾವಣದಲ್ಲಿ ಇನ್ನೂರು ಜನಕ್ಕೆ ತಿನ್ನಿಸಿದ ಉಪ್ಪನ್ನು ಶಿವ ಈಗ ತನ್ನ ಮೂಗಿನ ಮೂಲಕ ವಾಪಸು ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಂಡು ಅಮರೇಶಪ್ಪ ಒಂದು ಹೊತ್ತೂ ತಪ್ಪಿಸಲಿಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು. ಗಾಳಿ ಎರಡು ಹೊಳ್ಳೆಯಲ್ಲೂ ರೈಲಿನಂತೆ ಓಡಾಡುತ್ತಿತ್ತು, ಡಬ್ಬಿಗಳೆಲ್ಲ ಖಾಲಿ. ಕರ್ಪೂರ ಮೂಸಿದರೆ ತಣ್ಣಗೆ, ಇಂಗು ಮೂಸಿದರೆ ಏನೂ ಇಲ್ಲ. ಈರಲಿಂಗಪ್ಪ ಎರಡು ಸಲ ಬಂದು ಬರೀ ಹವಾಮಾನ ಮಾತಾಡಿ ಹೋದ.

ಕಾರ್ತಿಕದ ಎರಡನೆಯ ವಾರ, ಒಂದು ಮಧ್ಯಾಹ್ನ, ವೀರಭದ್ರಮ್ಮ ಸಾರು ಬಡಿಸುತ್ತಿದ್ದಳು. ಅಮರೇಶಪ್ಪ ತುತ್ತು ಕಲಸಿದವನು ನಿಲ್ಲಿಸಿದ.

"ಕೊತ್ತಂಬ್ರಿ ನೆನ್ನೇದಾ?"

ವೀರಭದ್ರಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಕೊತ್ತಂಬರಿ ನಿನ್ನೆಯದೇ ಆಗಿತ್ತು. ಅಳಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಗಂಡನ ಒಳ್ಳೆಯತನ ಅಂದಿಗೆ ಮುಗಿಯಿತು. ಸಂಜೆ ಮತ್ತೊಂದು ದೀಪ ಹಚ್ಚಿದಳು, ಈ ಸಲ ಎಣ್ಣೆಯದು.

ಕೊನೆಯ ಸೋಮವಾರ ಅಮರೇಶಪ್ಪ ಒಲೆಯ ಮುಂದೆ ಕೂತ. ಈರಲಿಂಗಪ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತ. ಕುರ್ಚಿಯೊಂದನ್ನು ತರಿಸಿಟ್ಟಿದ್ದ, ಅದರ ಮೇಲೆ ತಾನು ಕೂರಲಿಲ್ಲ. ಬೇಳೆ ಬೆಂದಿತು, ಹುಣಸೆ ಬಿತ್ತು, ಮೊದಲ ಹಿಡಿಗಳು ಬಿದ್ದವು. ಅಮರೇಶಪ್ಪ ಬಗ್ಗಿ ಉಸಿರೆಳೆದ.

ಆವಿ ಎರಡು ಬಾಗಿಲಿನಿಂದ ಒಟ್ಟಿಗೆ ನುಗ್ಗಿತು. ಒಂದು ಬಾಗಿಲಿನ ಮನೆಯಲ್ಲಿ ಐವತ್ತೈದು ವರ್ಷ ಇದ್ದವನಿಗೆ ಇದು ಮದುವೆ ದಿಬ್ಬಣ ಬಂದಂತಾಯಿತು. ಬೇಳೆ, ಹುಣಸೆ, ಮೆಣಸಿನಕಾಯಿ, ಕರಿಬೇವು ಮಾತ್ರವಲ್ಲ. ಕರಿಬೇವಿನ ಗಿಡ ಇದ್ದ ಹಿತ್ತಲು, ಹಿತ್ತಲಿನ ಬಚ್ಚಲು, ಬಚ್ಚಲ ಒಲೆಗೆ ಇಟ್ಟ ತೆಂಗಿನ ಗರಿ, ಎಲ್ಲವೂ ಬಂದವು. ರಾಜಿಯೂ ಆಗಿಹೋಗಿದೆ, ಉಪ್ಪು ಸಾಕು ಅಂದಿತು ಮೂಗು. ಆದರೆ ಕೈ ಬೇರೆ ಹೇಳಿತು. ಮೂವತ್ತೊಂದು ವರ್ಷದ ಕೈ, ಇನ್ನೂ ಎರಡು ಹಿಡಿ ಬೇಕು ಎಂದು ಉಪ್ಪಿನ ಡಬ್ಬದಲ್ಲೇ ಕೂತಿತ್ತು. ವಾಸನೆ ಇಮ್ಮಡಿಯಾದದ್ದು ಉಪ್ಪಿನಿಂದಲೋ ಹೊಳ್ಳೆಯಿಂದಲೋ? ನಾಲಿಗೆಗೆ ಅಪ್ಪಣೆಯಿಲ್ಲ. ಹೊಸದಾಗಿ ತೆರೆದ ಬಾಗಿಲು ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಇನ್ನೂ ಶಿವನ ಹುಳಿಯ ಅನುಭವವಿಲ್ಲ.

ಅಮರೇಶಪ್ಪ ಎಡ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಿದ. ಹಳೆಯ ಬಲ ಹೊಳ್ಳೆಯೊಂದರಿಂದಲೇ ನಿಧಾನವಾಗಿ ಎಳೆದ. ಬೇಳೆ ಹುಣಸೆಗಳು ಹತ್ತಿರ ಬಂದಿದ್ದವು, ಕೈ ಹಿಡಿದಿರಲಿಲ್ಲ. ಒಂದು ಹಿಡಿ ಹಾಕಿ ತಿರುವಿದ. ಇನ್ನೊಂದು. ಮತ್ತೆ ಎಳೆದ. ರಾಜಿಯಾಯಿತು. ಕೈ ಕೊಡವಿ ಎದ್ದ.

ಎಡೆಯಾಯಿತು, ಜನ ಕೂತರು. ಉಂಡರು. ಇನ್ನೂರು ಜನ "ಪ್ರಸಾದ ಚೆನ್ನಾಗಿತ್ತು ಸ್ವಾಮಿ" ಎಂದು ಕೈಮುಗಿದರು. ಶ್ರಾವಣದಲ್ಲೂ ಇದೇ ಮಾತು, ಇದೇ ನಮಸ್ಕಾರ. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಅಮರೇಶಪ್ಪ ಅವರ ಮುಖ ನೋಡಲಿಲ್ಲ. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಪೆದ್ದಕ್ಕನ ಪಕ್ಕದ ಲೋಟವನ್ನೇ ನೋಡುತ್ತ ಕಂಬದ ಬಳಿ ನಿಂತಿದ್ದ. ಈರಲಿಂಗಪ್ಪನೂ ಅದನ್ನೇ ನೋಡುತ್ತಿದ್ದ. ಲೋಟ ತುಂಬಿತ್ತು. ಆಕೆ ಅನ್ನ ಕಲಸಿದಳು, ಉಂಡಳು, ಹುಳಿ ಮತ್ತೆ ಹಾಕಿಸಿಕೊಂಡಳು, ಮೂರನೆಯ ಸಲವೂ ಹಾಕಿಸಿಕೊಂಡಳು. ಲೋಟದ ನೀರು ಅಲುಗಲಿಲ್ಲ. ಎಲೆ ಮಡಿಚಿ ಎದ್ದವಳು ಆ ನೀರನ್ನು ಗುಡಿಯ ಬಿಲ್ವದ ಬುಡಕ್ಕೆ ಸುರಿದು ತಮ್ಮನ ಹತ್ತಿರ ಬಂದಳು.

"ಇವತ್ತು ಗಂಗಮ್ಮಂಗೆ ರಜಾ ಕೊಟ್ಟಿದ್ದೀಯ ಬಿಡು," ಅಂದಳು.

ಈರಲಿಂಗಪ್ಪ ಕುರ್ಚಿಯನ್ನು ಎತ್ತಿಕೊಂಡು, ಈ ವರ್ಷ ಚಳಿ ಸ್ವಲ್ಪ ಬೇಗ ಬಂತು ಎನ್ನುತ್ತ ಅಲ್ಲಿಂದ ಹೋದ. ಅಮರೇಶಪ್ಪ ಎಲೆ ಹಾಕಿಕೊಂಡು ಕೂತು, ಎಲ್ಲರಿಗಿಂತ ಕೊನೆಗೆ, ಮೊದಲ ತುತ್ತು ಎತ್ತಿದ. ಪೆದ್ದಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಸೆರಗಿನ ಗಂಟನ್ನು ಬೆರಳಿನಲ್ಲಿ ಉರುಳಿಸುತ್ತ ತಮ್ಮನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿದಳು.

"ಒಲೆ ಮುಂದೆ ಎಡಗಡೆ ಹೊಳ್ಳೆ ಒತ್ತಿ ಮುಚ್ಚಿದ್ದು ನೋಡ್ದೆ ಕಣ್ಲಾ. ನಿಜ ಹೇಳು, ಈಗ ಇನ್ನೇನ್ ಮಡಗಿದ್ದೀಯ ಅದ್ರಾಗೆ?"